ಗೊಂಬೆಯಮ್ಮನ ದನಿ

"ನೋವಾಗ್ತಿದ್ಯಾ ಅಮ್ಮಾ?" ಎಂದು ನರ್ಸಿಂಗ್ ವಿದ್ಯಾರ್ಥಿನಿ ಮಂಚದ ಮೇಲಿನ ರಬ್ಬರ್ ಗೊಂಬೆಯನ್ನು ಕೇಳಿದಾಗ, ಗಾಜಿನ ಗೋಡೆಯಾಚೆ ಕೂತಿದ್ದ ಹೆಂಗಸಿನ ಬೆರಳು ಅಭ್ಯಾಸಬಲದಿಂದ ಮೈಕಿನ ಗುಂಡಿಯತ್ತ ಹೋಯಿತು. ಪಕ್ಕದಲ್ಲಿದ್ದ ಸಂಶೋಧಕಿ ಆ ಕೈಯನ್ನು ತಡೆದಳು. "ಇವತ್ತು ಬೇಡ ಅಂದಿದ್ನಲ್ಲ ಅಕ್ಕಾ. ಗೊಂಬೆ ಮಾತಾಡದಿದ್ರೆ ಇವರೆಲ್ಲ ಏನು ಮಾಡ್ತಾರೆ, ಅದನ್ನೇ ನೋಡ್ಬೇಕು. ಒಂದು ಮಾತು ಕೇಳಿಸಿದ್ರೂ ನನ್ನ ಪ್ರಯೋಗ ಕೆಟ್ಟ ಹಾಗೆ."

ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಒಂಬತ್ತು ವರ್ಷಗಳಿಂದ ಆ ಗೊಂಬೆಗೆ ರೋಗಿಯ ದನಿ ಕೊಡುವುದೇ ಆ ಹೆಂಗಸಿನ ಕೆಲಸ. ಎದೆನೋವಿಗೆ ಒಂದು ದನಿ, ಹೆರಿಗೆನೋವಿಗೆ ಇನ್ನೊಂದು. ಇಡೀ ಕಾಲೇಜಿಗೆ ಅವಳು ‘ಗೊಂಬೆಯಮ್ಮ’. ದಿನಕ್ಕೆ ಹತ್ತು ಸಲ ನರಳಿ ಸಂಜೆ ಮನೆಗೆ ಹೋದರೆ, ಬಾಗಿಲು ತೆಗೆಯುವವರೂ ಇಲ್ಲ. ಮಾರನೆಯ ಬೆಳಿಗ್ಗೆ ಇಲ್ಲಿಗೆ ಬಂದು ಮತ್ತೆ ನರಳುವವರೆಗೆ ಬಾಯಿಗೆ ಕೆಲಸವೇ ಇರುತ್ತಿರಲಿಲ್ಲ.

ಉತ್ತರ ಬರದಿದ್ದಾಗ, ಬೆಳಿಗ್ಗೆಯಿಂದ ಒಬ್ಬೊಬ್ಬರಾಗಿ ಬಂದ ವಿದ್ಯಾರ್ಥಿಗಳೆಲ್ಲ ನಾಡಿ ನೋಡಿ, ಬರೆದುಕೊಂಡು ಹೊರಟುಹೋಗಿದ್ದರು. ಈ ಹುಡುಗಿ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಗೊಂಬೆಯ ಹಣೆಯ ಮೇಲೆ ಅಂಗೈಯಿಟ್ಟಳು. "ಹೇಳೋಕಾಗ್ದಿದ್ರೆ ಬಿಡಿ ಅಮ್ಮಾ. ತುಂಬಾ ದಿನದಿಂದ ಹೀಗೇ ಇದ್ಯಾ? ನಾನಿಲ್ಲೇ ಕೂತಿರ್ತೀನಿ."

"ತುಂಬಾ ದಿನದಿಂದ ಕಣಮ್ಮಾ," ಎಂದಳು ಗೊಂಬೆಯಮ್ಮ. ಆ ದನಿ ಅವಳ ಕಿವಿಗೇ ಹೊಸದಾಗಿತ್ತು.

ಸಂಶೋಧಕಿ ಬೆಚ್ಚಿ ತಿರುಗಿದಳು. "ಅಯ್ಯೋ ಅಕ್ಕಾ, ಅವಳಿಗೆ ಕೇಳಿಸ್ತೇನೋ!"

"ಇಲ್ಲ ಬಿಡಮ್ಮ," ಎಂದಳು ಅವಳು, ಗಾಜಿನಿಂದ ಕಣ್ಣು ತೆಗೆಯದೆ. "ಮೈಕ್ ಆಫ್ ಇದೆ."