ಏಳನೇ ಮನೆಯ ಒಗಟುಗಳು

ತನ್ನ ಬಾಲವನ್ನು ತಾನೇ ಕಚ್ಚಿ ಸಾಯುವ ಪ್ರಾಣಿ ಯಾವುದೆಂದು ಯೋಗೇಶನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಮುಖ ಮಾಡಿಕೊಂಡು ಕೂರುವುದೇ ಆ ಹೊತ್ತಿಗೆ ಅವನ ಮುಂದಿದ್ದ ಕೆಲಸ.

"ತಿಂದಷ್ಟೂ ಉದ್ದ ಆಗ್ತಾನೆ," ಮಧುಶ್ರೀ ಇನ್ನೊಮ್ಮೆ ಹೇಳಿದಳು. "ಗೋಡೆಗೆ ತಾಗಿದ್ರೂ ಸತ್ತ, ಬಾಲಕ್ಕೆ ತಾಗಿದ್ರೂ ಸತ್ತ. ಯಾರು ಹೇಳಿ?"

ಹಳೆಯ ಬಟನ್ ಫೋನಿನ ಹಾವು. ಅದನ್ನು ಆಡಿ ಆಡಿಯೇ ಯೋಗೇಶ ಹತ್ತನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾಗಿದ್ದ. ಈಗ ತಲೆ ಕೆರೆದುಕೊಂಡು, "ರೇಷ್ಮೆ ಹುಳನಾ?" ಎಂದ.

ಪಕ್ಕದಲ್ಲಿ ಕೂತಿದ್ದ ಮದುವೆ ಬ್ರೋಕರ್ ಶಾಂತಮಲ್ಲಪ್ಪ ಯಾರಿಗೂ ಕಾಣದ ಹಾಗೆ ಅವನ ಮೊಣಕಾಲು ತಟ್ಟಿದರು. ಭೇಷ್ ಎಂದರ್ಥ.

ವನಗೂರಿನ ಏರು ಹತ್ತುವಾಗ ಜೀಪಿನಲ್ಲಿ ಅವರು ಒಂದೇ ಮಾತನ್ನು ಮೂರು ಸಲ ಹೇಳಿದ್ದರು. "ಹೋದ ಸಲ ಬಂದ ಗಂಡು ಬ್ಯಾಡ ಆಗಿದ್ದೇ ಫೋನ್ ಆಟದಿಂದ ಮಾರಾಯ. ಹುಡ್ಗಿ ಅಜ್ಜಿ ಎರಡು ದಿನ ಊಟನೇ ಬುಟ್ಟಿತ್ತಂತೆ. ನೀನು ಆಟ ಆಡೋದು ಗೊತ್ತಾದ್ರೆ ಕೆಟ್ಟೆ."

ಹಿಂದಿನ ಆರು ಮನೆಗಳಲ್ಲಿ ಉಪ್ಪಿಟ್ಟು ತಿಂದು ಕೈ ಒರೆಸಿಕೊಂಡು ಬಂದಾಗ ಯೋಗೇಶನಿಗೆ ಅಂಥ ಬೇಜಾರೇನೂ ಆಗಿರಲಿಲ್ಲ. ಈ ಏಳನೆಯದು ಬೇರೆ. ಕೆ. ಹೊಸಕೋಟೆಯಲ್ಲಿ ಅವನದು ಕಳೆ ಹೊಡೆಯುವ ಮಷಿನ್ನು, ಸ್ಪ್ರೇಯರು ರಿಪೇರಿ ಮಾಡುವ ಅಂಗಡಿ. ಮೂರು ತಿಂಗಳ ಹಿಂದೆ ಮಷಿನ್ನು ತಂದಿದ್ದ ಮಧುಶ್ರೀ, ಅವನು ಅರ್ಧ ಗಂಟೆ ಬಿಚ್ಚಿ ಹುಡುಕಿಯೂ ಸಿಗದ ದೋಷವನ್ನು ನಿಂತಲ್ಲಿಂದಲೇ ಬೆರಳು ಮಾಡಿ ತೋರಿಸಿ ನಕ್ಕಿದ್ದಳು. ಅವತ್ತಿಗೇ ನಮ್ಮ ಹುಡುಗನ ಕಥೆ ಮುಗಿದಿತ್ತು. ಇವಳು ಒಪ್ಪದಿದ್ದರೆ ಎಂಟನೆಯ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಶಾಂತಮಲ್ಲಪ್ಪನವರಿಗೆ ಹೇಳಿಯೂ ಬಿಟ್ಟಿದ್ದ.

ಗಂಡಿನ ಬುದ್ಧಿ ನೋಡಲು ಒಗಟು ಕೇಳುವುದು ಈ ಮನೆಯ ಹಳೆಯ ಪದ್ಧತಿಯಂತೆ. ಸರಿ, ಕೇಳಲಿ. ಆದರೆ ಶುರುವೇ ಫೋನಿನೊಳಗಿನ ಆಟದಿಂದ ಏಕೆ? ಇದು ತನಗಾಗಿಯೇ ಇಟ್ಟ ಬೋನು ಎಂದು ಯೋಗೇಶ ಹುಷಾರಾದ.

ದೇವಸ್ಥಾನದಲ್ಲಿ ವಿಗ್ರಹ ಕದ್ದವನೊಬ್ಬ ಓಡುತ್ತಲೇ ಇರುತ್ತಾನೆ, ಹಿಂದೆ ಕಪಿ, ದಾರಿಯುದ್ದಕ್ಕೂ ಚಿನ್ನ, ಎಷ್ಟು ಓಡಿದರೂ ಊರು ಸಿಗುವುದಿಲ್ಲ, ಯಾರವನು ಎಂದಳು ಮಧುಶ್ರೀ. ಟೆಂಪಲ್ ರನ್ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿ, ದೇವಸ್ಥಾನ ಕಮಿಟಿಯ ಖಜಾಂಚಿ ಇರಬೇಕು ಎಂದ. ಮೇಲಿಂದ ಇಟ್ಟಿಗೆ ಬೀಳುತ್ತವೆ, ಸಾಲು ತುಂಬಿದರೆ ಗೋಡೆಯೇ ಮಾಯ, ಏನದು ಎಂದಳು. ಟೆಟ್ರಿಸ್ಸನ್ನು ಕಣ್ಣು ಮುಚ್ಚಿ ಆಡಬಲ್ಲವನು, ಪಂಚಾಯಿತಿ ಕಂಟ್ರಾಕ್ಟು ಎಂದ.

ಯಾರೂ ನಗಲಿಲ್ಲ. ಮಧುಶ್ರೀಯ ಮುಖ ಸಣ್ಣಗಾಯಿತು. ಅವಳ ಅಪ್ಪ ಲಕ್ಕಪ್ಪ ನಿಟ್ಟುಸಿರು ಬಿಟ್ಟು, ಖಾಲಿ ಇದ್ದ ನಾಲ್ಕನೆಯ ಕುರ್ಚಿಯ ಕಡೆ ನೋಡಿದರು. ಮೂಲೆಯಲ್ಲಿ ಅಜ್ಜಿ ಮೀನಾಕ್ಷಮ್ಮ ತಲೆ ತಗ್ಗಿಸಿ ಕೂತಿದ್ದರು. ಶಾಲಿನೊಳಗೆ ಅವರ ಹೆಬ್ಬೆರಳುಗಳು ಬಿಡುವಿಲ್ಲದೆ ಆಡುತ್ತಿದ್ದವು. ಜಪ ಮಾಡುತ್ತಿದ್ದಾರೆ, ಪಾಪ, ಎಂದುಕೊಂಡ ಯೋಗೇಶ. ಅಷ್ಟರಲ್ಲಿ ಅಜ್ಜಿ ಮೆಲ್ಲಗೆ "ಹೋಯ್ತು" ಎಂದು ಗೊಣಗಿದರು. ಅಷ್ಟೊಂದು ದಡ್ಡನಾಗಿಬಿಟ್ಟೆನೇ?

ಕರೆಂಟು ಹೋಯಿತು. ಫ್ಯಾನು ನಿಂತರೂ ಗೋಡೆಯ ಮೇಲಿನ ವೈಫೈ ಡಬ್ಬಿಯ ಹಸಿರು ದೀಪ ಮಿಣುಕುತ್ತಲೇ ಇತ್ತು. ಅದಕ್ಕೆಂದೇ ಬೇರೆ ಬ್ಯಾಟರಿ. ತೋಟಕ್ಕೆ ನುಗ್ಗುವ ಆನೆ ನೋಡಲು ಹಾಕಿಸಿದ ಕ್ಯಾಮೆರಾಕ್ಕೆ ಇರಬೇಕು ಎಂದುಕೊಂಡ.

"ಕೊನೇದು ನಾನೇ ಕೇಳ್ತೀನಿ," ಎಂದರು ಲಕ್ಕಪ್ಪ, ಆಸೆ ಬಿಟ್ಟ ದನಿಯಲ್ಲಿ. "ನೂರು ಜನ ವಿಮಾನದಿಂದ ಹಾರ್ತಾರೆ. ಕೈಯಲ್ಲಿ ಕಡ್ಡಿನೂ ಇಲ್ಲ. ಮನೆ ಮನೆ ನುಗ್ಗಿ ಸಿಕ್ಕಿದ್ದೆಲ್ಲ ಬಾಚ್ಕೊತಾರೆ. ಸುತ್ತ ಒಂದು ನೀಲಿ ಬೇಲಿ, ಬರ್ತಾ ಬರ್ತಾ ಸಣ್ಣದಾಗ್ತದೆ. ಹೊರಗೆ ಸಿಕ್ಕಾಕ್ಕೊಂಡೋನು ತಟ್ಟನೆ ಸತ್ತೋಯ್ತಾನೆ."

ನಾಲ್ಕು ನಾಲ್ಕು ಜನ ತಂಡ ಕಟ್ಟಿಕೊಂಡು ಫೋನಿನಲ್ಲಿ ಆಡುವ ಪಬ್‌ಜಿ! ಯೋಗೇಶ ತುಟಿ ಕಚ್ಚಿಕೊಂಡ. ಹತ್ತರವರೆಗೆ ಎಣಿಸಿದ. ಎಲ್ಲವನ್ನೂ ತಡೆದುಕೊಂಡಾನು, ಆದರೆ ಕಣ್ಣೆದುರಿಗೇ ತಪ್ಪು ಹೇಳಿದರೆ ರಿಪೇರಿಯವನ ಬಾಯಿ ಸುಮ್ಮನಿರುತ್ತದೆಯೇ?

"ತಟ್ಟನೆ ಸಾಯಲ್ಲ ಮಾವ. ಜೀವ ಸ್ವಲ್ಪ ಸ್ವಲ್ಪನೇ ಇಳೀತದೆ. ಅಷ್ಟ್ರಲ್ಲಿ ಗಾಯಕ್ಕೆ ಪಟ್ಟಿ ಕಟ್ಕೊಂಡು ಓಡಿದ್ರೆ ಒಳಗೆ ಸೇರ್ಕೋಬೋದು. ನಿನ್ನೆ ನಾನೇ ಹಂಗೆ..."

ಮಾತು ಅಲ್ಲಿಗೇ ನಿಂತಿತು. ಗುಟ್ಟಿನ ಜೊತೆಗೆ ಒಂದು 'ಮಾವ'ನೂ ಬಾಯಿಂದ ಬಿದ್ದುಹೋಗಿತ್ತು. ಶಾಂತಮಲ್ಲಪ್ಪ ಕಣ್ಣು ಮುಚ್ಚಿಕೊಂಡರು. ಯೋಗೇಶ ಲೋಟ ಕೆಳಗಿಟ್ಟು, ಹೋಗುವ ಮೊದಲು ಒಮ್ಮೆ ನೋಡಿಕೊಂಡು ಹೋಗೋಣವೆಂದು ಮಧುಶ್ರೀಯ ಕಡೆ ತಿರುಗಿದ. ಅವಳು ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಿದ್ದಳು.

ಲಕ್ಕಪ್ಪ ಎದ್ದರು. ಬಾಗಿಲು ತೋರಿಸುತ್ತಾರೆಂದು ಅವನೂ ಎದ್ದ. ಅವರು ಹೋಗಿ ಆ ನಾಲ್ಕನೆಯ ಕುರ್ಚಿಯನ್ನು ಎಳೆದು ತಂದು ತಮ್ಮ ಪಕ್ಕ ಹಾಕಿದರು.

"ಕೂತ್ಕೊ. ನಿನ್ ಫೋನ್‌ದು ಚಾರ್ಜ್ ಎಷ್ಟೈತೆ?"

ಅಷ್ಟು ಹೊತ್ತಿಗೆ ಮೂಲೆಯಲ್ಲಿದ್ದ ಮೀನಾಕ್ಷಮ್ಮ ಶಾಲು ಸರಿಸಿ ಎರಡೂ ಕೈ ಹೊರಗೆ ತೆಗೆದರು. ಕೈಯಲ್ಲಿ ಜಪಮಣಿ ಇರಲಿಲ್ಲ, ಫೋನಿತ್ತು. ಕನ್ನಡಕ ಮೇಲೇರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ಹೋದ ಸಲದ ಹುಡ್ಗ, ಗುಂಡೇಟು ತಿಂದು ಸೇತುವೆ ಮೇಲೆ ತೆವಳ್ತಿದ್ದ ನನ್ನ ಅಲ್ಲೇ ಬುಟ್ಟು ಒಬ್ನೇ ಬೇಲಿ ಒಳಕ್ಕೆ ಓಡೋಗ್ಬುಟ್ಟ ಕಣೋ. ನೀನಾದ್ರೂ ಬಂದು ಎತ್ತುತೀಯ ತಾನೆ?"