ಯಾರ ಚೀಲದ ಹೊಟ್ಟು

ಹಿಮದಲ್ಲಿ ಕಾರಿನ ಗಾಲಿ ನಿಂತಲ್ಲೇ ತಿರುಗತೊಡಗಿದಾಗ ಪ್ರಾಜಕ್ತಾ ಎಂಜಿನ್ ಆರಿಸಿದಳು. ಮನಾಲಿಯಲ್ಲಿ ಮರ ಕಡೆಯುವವರ ಮೇಳ ಮುಗಿಸಿ ಗಂಡ ಹೆಂಡತಿ ಹೈದರಾಬಾದಿಗೆ ಹೊರಟಿದ್ದರು. ಅಲ್ಲಿನ ನಾರಾಯಣಗೂಡದ ಮನೆಯಲ್ಲಿ, ಮಗಳನ್ನು ಶಾಲೆಗೆ ಕಳಿಸಿ ಉಳಿದ ಹೊತ್ತಿನಲ್ಲಿ ಅವಳು ಕಡೆದ ಬಟ್ಟಲನ್ನು ಮೇಳದಲ್ಲಿ ಎಲ್ಲರೂ ಹೊಗಳಿದಾಗ, ಗಂಡ ಮಿಲಿಂದ ಅದನ್ನು ಎತ್ತಿ ಹಿಡಿದು ತಾನೇ ಮಾಡಿದ್ದೆಂದಿದ್ದ.

"ಗಾಲಿ ಕೆಳಗ ಕಟ್ಟಿಗಿ ಹೊಟ್ಟು ಹಾಕಿದ್ರ ಹಿಡೀತೈತಿ," ಎಂದು ಮಿಲಿಂದ ಇಳಿದು ಡಿಕ್ಕಿ ತೆರೆದ. ಒಳಗೆ ಎರಡು ಚೀಲಗಳಿದ್ದವು. ಇಬ್ಬರೂ ಮೇಳದಲ್ಲಿ ಹಸಿ ಮರದಿಂದ ಒಂದೊಂದು ಬಟ್ಟಲು ಕಡೆದು, ಒಣಗುವಾಗ ಸೀಳು ಬಿಡದಿರಲೆಂದು ಆ ಚೀಲಗಳ ಹೊಟ್ಟಿನಲ್ಲಿ ಹುಗಿದಿಟ್ಟಿದ್ದರು. ಅವನು ಅವಳ ಚೀಲಕ್ಕೆ ಕೈಹಾಕಿದ.

"ಅದು ನಂದು," ಎಂದಳು ಹಿಂದೆ ಬಂದ ಪ್ರಾಜಕ್ತಾ.

"ನಮ್ಮಿಬ್ಬರೊಳಗ ನಿಂದು ನಂದು ಅಂತ ಐತೇನು? ಹಟ ಮಾಡಬ್ಯಾಡ, ಕತ್ತಲಾಗಾಕತ್ತೈತಿ."

ಅವಳು ತನ್ನ ಚೀಲವನ್ನು ಕಿತ್ತುಕೊಂಡು ಸೀಟಿನ ಮೇಲಿಟ್ಟಳು. ಅವನದನ್ನು ಎಳೆದು ತಂದು ಗಾಲಿಯ ಮುಂದೆ ಬೋರಲು ಹಾಕಿದಳು. ಅವನ ಬಟ್ಟಲು ಹಿಮದ ಮೇಲೆ ಉರುಳಿತು.

"ಏ, ಅದು ಸೀಳತೈತಿ."

"ಸೀಳಲಿ ಬಿಡ್ರಿ. ಮುಂದಿನ ಮೇಳದಾಗ ಎತ್ತಿ ತೋರ್ಸಾಕ ನಿಮಗ ನಂದೊಂದು ಐತಲ್ಲ. ಈಗ ಹಿಂದಿನಿಂದ ನೂಕ್ರಿ."