ಯಾರ ಕಡೆಯಿಂದ

“ಎಲಿ-ಅಡಿಕಿ ಹಾಕ್ಕೊಂಡು ಬಂದೀರಿ ಅಜ್ಜಿ. ಬಾಯಿ ಮುಕ್ಕಳಿಸಿ ಅರ್ಧ ತಾಸು ಕುಂಡ್ರಿ, ಆಮ್ಯಾಲೆ ಉಗುಳು ತಗೋತೇನಿ” ಎಂದು ಪೂಜಾ ಸಣ್ಣ ಸೀಸೆಯನ್ನು ಪಕ್ಕಕ್ಕಿಟ್ಟಳು. ಮಕ್ಕಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದಿರುವುದು ಮನೆತನದಲ್ಲಿ ಹೇಗೆ ಇಳಿದು ಬರುತ್ತದೆ ಎಂದು ಹುಡುಕುವ ತಂಡದವಳು ಅವಳು. ಸವಣೂರಿನ ಶಾಲೆಯೊಂದರಲ್ಲಿ ಶಿಬಿರ ನಡೆದಿತ್ತು. ತಿಳವಳ್ಳಿಯಿಂದ ಬಸ್ಸು ಬದಲಿಸುತ್ತಾ ಬಂದು ಸುಸ್ತಾಗಿದ್ದ ಯಂಕವ್ವ ಗೊಣಗುತ್ತಾ ಬೆಂಚಿನ ಕಡೆ ನಡೆದಳು. ಅದೇ ತಪ್ಪಿಗೆ ಅಲ್ಲಿ ಮೊದಲೇ ಒಬ್ಬಳು ಕೂತಿದ್ದಳು: ಸೊಸೆ ಸುಮೇರಾಳ ತಾಯಿ ಜೈತುನಬಿ. ಮಗ ಪ್ರಭು ಸುಮೇರಾಳನ್ನು ಮದುವೆಯಾಗಿ ಏಳು ವರ್ಷವಾಗಿದ್ದರೂ ಎರಡು ಮನೆಯ ತಾಯಂದಿರು ಹತ್ತಿರ ಕೂತದ್ದು ಅದೇ ಮೊದಲು.

ನಡುವಿನ ಜಾಗದಲ್ಲಿ ಐದು ವರ್ಷದ ಮಾಲಾ ಹತ್ತಿ ಕೂತಳು. ಮೊಮ್ಮಗಳಿಗೆ ಕಿವಿ ಕೇಳಿಸುವುದಿಲ್ಲ ಎಂದು ತಿಳಿದ ದಿನದಿಂದ ಯಂಕವ್ವ ಓಣಿಯವರಿಗೆಲ್ಲ ಒಂದೇ ಮಾತು ಹೇಳಿಕೊಂಡು ಬಂದಿದ್ದಳು: “ನಮ್ಮ ಕಡೆ ಹಿಂಗ ಯಾರೂ ಇಲ್ಲ. ಇದು ಅತ್ತಾಗಿಂದ ಬಂದದ್ದು.” ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸುಮೇರಾ ತಲೆ ಎತ್ತದೆ ರೊಟ್ಟಿ ಬಡಿಯುತ್ತಿದ್ದಳು.

“ಅಲ್ಲವ್ವಾ,” ಯಂಕವ್ವ ಪೂಜಾಳನ್ನು ಕೇಳಿದಳು, “ಕೂಸಿಂದು ತಗೊಂಡಿ, ಅದರ ಅಪ್ಪ-ಅವ್ವಂದು ತಗೊಂಡಿ. ನಾವು ಮುದಿಕ್ಯಾರು ಯಾಕ ಬೇಕು?”

“ಎಲ್ಲಾರೂ ಒಂದ ಕಡೆ ಮಂದಿ ಆಗಿದ್ರ ನಮಗ ಸರಳ ಇತ್ತು ಅಜ್ಜಿ. ಮಾಲಾನ ಮೈಯಾಗ ಎರಡು ಕಡೆ ಮಂದಿ ಕೂಡ್ಯಾರ. ಯಾವ ತುಣುಕು ಯಾರ ಕಡೆಯಿಂದ ಬಂತು ಅಂತ ಬಿಡಿಸಿ ನೋಡಬೇಕು. ಇಲ್ಲಾಂದ್ರ ಎರಡು ಕಡೆ ಮಂದಿ ನಡುವ ಹುಟ್ಟಾ ಇರೂ ಫರಕನ್ನ ಈ ಬ್ಯಾನಿಗೆ ಕಾರಣ ಅಂತ ತಿಳಕೊಂಡು ಕುಂಡ್ರತೇವಿ.” ಪೂಜಾ ಹಾಳೆ ತಿರುವಿದಳು. “ನಿಮ್ಮ ತವರಮನ್ಯಾಗ ಯಾರಿಗರ ಕಿವಿ ಕೇಳ್ತಿದ್ದಿಲ್ಲೇನ್ರಿ?”

“ಯಾರಿಗೂ ಹಂಗಿಲ್ಲ” ಎಂದಳು ಯಂಕವ್ವ.

ಜೈತುನಬಿಯ ಸರದಿ ಬಂತು. “ನಮ್ಮ ಪೈಕಿನೂ ಇಲ್ಲರಿ. ತಪ್ಪು ನಂದ. ಸುಮೇರಾ ಬಸುರಿದ್ದಾಗ ಜ್ವರ ಬಂದಿತ್ತು, ನಾನ ಕಷಾಯ ಕಾಸಿ ಕುಡಿಸಿದೆ. ಅದರಿಂದನ ಕೂಸಿಗೆ ಹಿಂಗಾತು. ಮಗಳು ಒಂದ ಮಾತು ಅಂದಿಲ್ಲ, ಆದ್ರ ನನಗ ಉಂಡದ್ದು ಮೈಗೆ ಹತ್ತೂದಿಲ್ಲ.”

ಯಂಕವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಕ್ಕಿಆಲೂರಿನ ತವರುಮನೆಯಲ್ಲಿ ಅವಳ ಬೆನ್ನಿಗೆ ಹುಟ್ಟಿದವಳು ಹುಚ್ಚವ್ವ. ಕಿವಿಯಿಲ್ಲ, ಮಾತಿಲ್ಲ. ಯಂಕವ್ವನನ್ನು ನೋಡಲು ತಿಳವಳ್ಳಿಯವರು ಬಂದ ದಿನ ಹುಚ್ಚವ್ವನನ್ನು ಹಿತ್ತಲ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಜಡಿದಿದ್ದರು. “ಆಕಿ ಸುದ್ದಿ ಆ ಮನ್ಯಾಗ ಎತ್ತಬ್ಯಾಡ” ಎಂದು ಅವ್ವ ಆಣೆ ಹಾಕಿಸಿದ್ದಳು. ಮರುವರ್ಷ ಹುಚ್ಚವ್ವ ಜ್ವರದಲ್ಲಿ ತೀರಿಕೊಂಡಾಗ ಯಂಕವ್ವ ಗಂಡನಿಗೆ ಕೂಡ ಹೇಳದೆ ದನದ ಕೊಟ್ಟಿಗೆಯಲ್ಲಿ ನಿಂತು ಅತ್ತಿದ್ದಳು.

ಅವಳು ಎದ್ದು ಮೇಜಿನ ಹತ್ತಿರ ಹೋದಳು. “ಯವ್ವಾ, ನಾ ಒಂದು ತಪ್ಪು ಬರೆಸೇನಿ. ನನ್ನ ತಂಗಿ ಹುಚ್ಚವ್ವ ಅಂತ ಇದ್ಲು. ಆಕಿಗೆ ಹುಟ್ಟಾ ಕೇಳ್ತಿದ್ದಿಲ್ಲ.” ಆಮೇಲೆ ಜೈತುನಬಿಯ ಕಡೆ ತಿರುಗಿದಳು. “ನಿಮ್ಮ ಕಷಾಯದಿಂದ ಆದದ್ದಲ್ಲರಿ ಅದು.”

ಬಾಗಿಲಲ್ಲಿ ನಿಂತಿದ್ದ ಸುಮೇರಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಪೂಜಾ ಹಳೆಯದನ್ನು ಹೊಡೆದುಹಾಕಿ ಹೊಸದಾಗಿ ಬರೆದುಕೊಂಡು, “ಎರಡೂ ಕಡೆಯಿಂದ ಅರ್ಧರ್ಧ ಬಂದಿದ್ರೂ ಬಂದಿರಬಹುದು ಅಜ್ಜಿ. ನೋಡೂಣು. ಇದು ಯಾರ ತಪ್ಪೂ ಅಲ್ಲ” ಎಂದಳು.

ಯಂಕವ್ವ ತಲೆ ತಗ್ಗಿಸಿಯೇ ಬಂದು ಕೂತಳು. ಜೈತುನಬಿ ಈಗ ಬೈಯುತ್ತಾಳೆ, ಬೈಯಲಿ, ಬೈಸಿಕೊಳ್ಳುವುದೇ ಸರಿ ಎಂದು ಕಾದಳು. ಜೈತುನಬಿ ಕೇಳಿದ್ದೇ ಬೇರೆ:

“ಆಕಿ ಕೂಡ ಹೆಂಗ ಮಾತಾಡ್ತಿದ್ರಿ ಅಕ್ಕಾರ?”

“ಕೈಲೆ.”

“ಮತ್ತ ಈಕಿ ಕೂಡ ಯಾಕ ಆಡಲಿಲ್ಲ?”

“ಎಲ್ಲಿ ಕಲಿತಿ ಅಂತ ಮನ್ಯಾಗ ಕೇಳಿದ್ರ ಏನ್ ಹೇಳ್ಲಿ?”

ಐದು ವರ್ಷ ಯಂಕವ್ವ ಮೊಮ್ಮಗಳಿಗೆ ನೀರೆರೆದಿದ್ದಳು, ಉಣಿಸಿದ್ದಳು, ಎದೆಯ ಮೇಲೆ ಮಲಗಿಸಿಕೊಂಡಿದ್ದಳು. ಆ ಕೈಗಳಿಂದ ಒಂದು ಮಾತನ್ನೂ ಆಡಿರಲಿಲ್ಲ. ಯಂಕವ್ವ ಮಾಲಾಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಎರಡು ಬೆರಳಲ್ಲಿ ಮೂಗುತಿ ಮುಟ್ಟಿ, ಅಂಗೈಯನ್ನು ಎದೆಗೆ ತಟ್ಟಿದಳು. ಹುಚ್ಚವ್ವ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದದ್ದು ಹಾಗೆ. ಮತ್ತೊಮ್ಮೆ ಮಾಡಿ ತೋರಿಸಿದಳು.

ಮಾಲಾ ಕಣ್ಣು ಮಿಟುಕಿಸದೆ ನೋಡಿದಳು. ತನ್ನ ಬರಿಯ ಮೂಗನ್ನು ಎರಡು ಬೆರಳಲ್ಲಿ ಹಿಡಿದು, ಯಂಕವ್ವನ ಎದೆಯನ್ನು ತಟ್ಟಿದಳು. ಆಮೇಲೆ ಬೆಂಚಿನ ಮೇಲೆಯೇ ಗಿರಕ್ಕನೆ ಹೊರಳಿ ಜೈತುನಬಿಯ ಮುಖವನ್ನು ಮೇಲಿನಿಂದ ಕೆಳಗಿನತನಕ ಪರೀಕ್ಷೆ ಮಾಡಿದಳು. ಮೂಗಿನಲ್ಲಿ ಏನೂ ಇರಲಿಲ್ಲ. ಕನ್ನಡಕವಿತ್ತು. ಮಾಲಾ ಎರಡೂ ಕೈಯ ಬೆರಳುಗಳನ್ನು ಉಂಗುರ ಮಾಡಿ ತನ್ನ ಕಣ್ಣಿಗೆ ಹಿಡಿದು, ಆ ಅಜ್ಜಿಯ ಎದೆಯನ್ನೂ ತಟ್ಟಿದಳು.